ಬಿರುಗಾಳಿ ಇಲ್ಲದ ಕಡಲ ಕಥೆಗಳು

ಹಡಗಿನಲ್ಲಿ ಕೆಲಸಕ್ಕಿದ್ದೆ ಎಂದರೆ ನಮ್ಮ ಕಡೆಯ ಜನ ಮೊದಲು ಸಂಬಳ ಕೇಳುತ್ತಾರೆ, ಆಮೇಲೆ ಬಿರುಗಾಳಿಗೆ ಸಿಕ್ಕಿದ್ದುಂಟೇ ಎನ್ನುತ್ತಾರೆ. ಈಗ ಕಥೆ ಬರೆಯುತ್ತಿದ್ದೇನೆ ಎಂದು ತಿಳಿದವರು ಇವೆರಡನ್ನೂ ಬಿಟ್ಟು ಸೀದಾ ಕಡಲ್ಗಳ್ಳರ ವಿಷಯಕ್ಕೇ ಬರುತ್ತಾರೆ. ಬಿರುಗಾಳಿಗೆ ಸಿಕ್ಕಿದ್ದೇನೆ. ಕಡಲ್ಗಳ್ಳರ ಭಯದಲ್ಲಿ ಏಡನ್ ಕೊಲ್ಲಿಯನ್ನು ದಾಟಿದ್ದೂ ಇದೆ. ಆದರೆ ನನ್ನ ಕಥೆಗಳಲ್ಲಿ ಇವಕ್ಕೆ ದೊಡ್ಡ ಪಾಲಿಲ್ಲ. ಹಡಗು ಇಪ್ಪತ್ತೈದು ಡಿಗ್ರಿ ಹೊರಳುತ್ತಿರುವಾಗ ಯಾರಿಗೂ ಕಥೆ ಹೊಳೆಯುವುದಿಲ್ಲ. ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಕೈ ಹುಡುಕುತ್ತಿರುತ್ತದೆ, ಅಷ್ಟೇ.

ನಾನು ಹುಟ್ಟಿದ ಊರು ಕುಂದಾಪುರದ ಕಡೆ, ಅಳಿವೆಗೆ ಕೂಗಳತೆಯ ದೂರದಲ್ಲಿದೆ. ನಮ್ಮದು ಮೀನುಗಾರರ ಮನೆಯಲ್ಲ. ಅಪ್ಪ ಶಾಲಾ ಮಾಸ್ತರರು. ಕಡಲಿನ ಸುದ್ದಿಯೆಲ್ಲ ಬರುತ್ತಿದ್ದುದು ಪಕ್ಕದ ಮನೆಯ ತಾಂಡೇಲರಿಂದ, ಎಂದರೆ ಹಾಯಿಹಡಗು ನಡೆಸುತ್ತಿದ್ದ ಮುಂದಾಳಿನಿಂದ. ಅವರು ಪ್ರಾಯದಲ್ಲಿ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕಿನ ಹಾಯಿಹಡಗಿನಲ್ಲಿ ಅಕ್ಕಿ ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗಿ, ಬರುವಾಗ ಕೊಬ್ಬರಿ, ತೆಂಗಿನ ನಾರು ತರುತ್ತಿದ್ದವರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರ ನವೆಂಬರ್‌ವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎನ್ನುವುದನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ, ಅವರು ಹೇಳಿಕೊಟ್ಟರು. ಅವರ ಕಥೆಗಳಲ್ಲೂ ಬಿರುಗಾಳಿ ಕಡಿಮೆ. ಯಾವ ದ್ವೀಪದಲ್ಲಿ ಕೊಬ್ಬರಿಯ ತೂಕದಲ್ಲಿ ಯಾರು ಯಾರಿಗೆ ಟೋಪಿ ಹಾಕಿದರು, ಗಾಳಿಯೇ ಬೀಸದೆ ಹಾಯಿ ಜೋತುಬಿದ್ದಾಗ ಕುಡಿಯುವ ನೀರನ್ನು ಹೇಗೆ ಪಾಲು ಮಾಡಿಕೊಂಡರು, ಆ ಪಾಲಿನಲ್ಲಿ ಅಡುಗೆಯ ಹುಡುಗನಿಗೆ ಎಷ್ಟು ಸಿಕ್ಕಿತು ಎಂಬಂಥವು. ಕೇಳುತ್ತಿದ್ದಾಗ ಅವು ಕಥೆಗಳು ಎಂದು ನನಗೆ ಅನಿಸಿರಲೇ ಇಲ್ಲ. ಕಥೆ ಎಂದರೆ ಮಾಸಪತ್ರಿಕೆಯಲ್ಲಿ ಬರುವುದು ಎಂದು ತಿಳಿದಿದ್ದ ಕಾಲ ಅದು.

1990ರ ದಶಕದ ಮಧ್ಯದಲ್ಲಿ ಮುಂಬಯಿಯಲ್ಲಿ ತರಬೇತಿ ಮುಗಿಸಿ ಡೆಕ್ ಕೆಡೆಟ್ ಆಗಿ, ಎಂದರೆ ಅಧಿಕಾರಿಯ ಕೆಲಸ ಕಲಿಯುವ ಹುಡುಗನಾಗಿ, ಹಡಗು ಹತ್ತಿದೆ. ಕೆಡೆಟ್‌ನ ದಿನಚರಿಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಸುತ್ತಿಗೆ ಹಿಡಿದು ತುಕ್ಕು ಕುಟ್ಟಬೇಕು, ಕುಟ್ಟಿದ ಜಾಗಕ್ಕೆ ಬಣ್ಣ ಬಳಿಯಬೇಕು, ಸರಕು ಇಳಿಸಿದ ಹೋಲ್ಡ್‌ಗಳನ್ನು ಗುಡಿಸಬೇಕು, ರಾತ್ರಿ ಕುಳಿತು ನಕ್ಷೆಗಳ ತಿದ್ದುಪಡಿ ಮಾಡಬೇಕು. ಸಮುದ್ರವನ್ನು ನೋಡುವುದಕ್ಕೇ ಪುರುಸೊತ್ತು ಇರುತ್ತಿರಲಿಲ್ಲ.

ಸೆಕೆಂಡ್ ಮೇಟ್ ಪರೀಕ್ಷೆ ಮಾತ್ರ ಚೆನ್ನಾಗಿ ನೆನಪಿದೆ. ಕಪ್ತಾನ, ಮುಖ್ಯ ಅಧಿಕಾರಿ ಇವರ ಕೆಳಗಿನ ಅಧಿಕಾರಿಯೇ ಸೆಕೆಂಡ್ ಮೇಟ್. ಲಿಖಿತ ಪತ್ರಿಕೆಗಳಾದ ಮೇಲೆ ಮುಂಬಯಿಯ ಮರ್ಕಂಟೈಲ್ ಮರೀನ್ ಇಲಾಖೆಯಲ್ಲಿ ಮೌಖಿಕ ಪರೀಕ್ಷೆ. ನಮ್ಮ ಬಾಯಲ್ಲಿ ಅದು ‘ಓರಲ್ಸ್’. ಹಡಗುಗಳ ಡಿಕ್ಕಿ ತಡೆಯಲು 1972ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ನಿಯಮಗಳನ್ನು ಒಂದಕ್ಷರ ಬಿಡದಂತೆ ಬಾಯಿಪಾಠ ಮಾಡಿಕೊಂಡು ಹೋಗಬೇಕು. ಮೇಜಿನ ಮೇಲೆ ಮರದ ಪುಟ್ಟ ಹಡಗುಗಳಿದ್ದವು. ಪರೀಕ್ಷಕರು ಒಂದನ್ನು ನನ್ನ ಕಡೆಗೆ ತಳ್ಳಿ, ಇದು ನಿಮ್ಮದು ಎಂದರು. ಇನ್ನೊಂದನ್ನು ಅದರ ಬಲಗಡೆ ಓರೆಯಾಗಿ ಇಟ್ಟು, ರಾತ್ರಿ ಹೊತ್ತು, ಇದರ ಕೆಂಪು ದೀಪ ಕಾಣುತ್ತಿದೆ, ಮುಂದೇನು ಎಂದು ಕೇಳಿದರು. ನಾನು ದಾರಿ ಬಿಡಬೇಕಾದ ಹಡಗು ಎಂಬುದು ಗೊತ್ತಿತ್ತು. ಉತ್ತರ ತುಟಿಯ ತನಕ ಬಂದಿತ್ತು. ಅವರು ಕೈಯೆತ್ತಿ ತಡೆದು, ತಿರುಗಿಸುವುದು ಆಮೇಲೆ, ಮೊದಲು ಅವನ ದಿಕ್ಕನ್ನು ಎಷ್ಟು ಹೊತ್ತು ನೋಡಿದಿರಿ ಹೇಳಿ ಎಂದರು.

ದಿಕ್ಸೂಚಿಯಲ್ಲಿ ಎದುರಿನ ಹಡಗಿನ ದಿಕ್ಕು ಹೆಚ್ಚುಕಡಿಮೆ ಬದಲಾಗದೆ ದೂರ ಮಾತ್ರ ಕಡಿಮೆಯಾಗುತ್ತಿದ್ದರೆ, ಎರಡೂ ಹಡಗುಗಳು ಒಂದೇ ಬಿಂದುವಿಗೆ ಒಂದೇ ಹೊತ್ತಿಗೆ ತಲುಪಲಿವೆ ಎಂದು ಅರ್ಥ. ಏಳನೆಯ ನಿಯಮದ ತಿರುಳು ಇದು. ನೋಡುವವನ ಕಣ್ಣಿಗೆ ಆ ಹಡಗು ಅತ್ತಿತ್ತ ಸರಿಯುವುದಿಲ್ಲ, ಇದ್ದಲ್ಲೇ ಇದ್ದು ದೊಡ್ಡದಾಗುತ್ತದೆ. ಎಷ್ಟೋ ವರ್ಷಗಳ ನಂತರ, ಕಥೆಯೊಂದರಲ್ಲಿ ಕಪ್ತಾನನಿಗೂ ಚೀಫ್ ಎಂಜಿನಿಯರನಿಗೂ ಜಗಳ ತರಬೇಕಾಗಿ ಬಂದಾಗ ನನಗೆ ನೆರವಾದದ್ದು ಆ ಮೇಜು. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಸಭ್ಯವಾಗಿ, ನೇರವಾಗಿ ನಡೆಯಲಿ, ಯಾರೂ ದಿಕ್ಕು ಬದಲಿಸದಿರಲಿ ಎಂದು ಬಿಟ್ಟೆ. ಕೂಗಾಟ ಬರೆಯುವ ಅಗತ್ಯವೇ ಬೀಳಲಿಲ್ಲ.

ಅದೇ ಪರೀಕ್ಷೆಗೆ ಓದುತ್ತಿದ್ದಾಗ, ಹಾಸ್ಟೆಲಿನ ಕೋಣೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಪುಸ್ತಕದಿಂದ, ಹಡಗಿನಲ್ಲಿ ದುಡಿದು ಇಂಗ್ಲಿಷ್ ಕಾದಂಬರಿಕಾರನಾದ ಜೋಸೆಫ್ ಕಾನ್ರಾಡ್ ಪರಿಚಯವಾದ. ಆತನ ಕಥೆಗಳಿಗಿಂತ ಮೊದಲು ನನಗೆ ರುಚಿಸಿದ್ದು ಆತನ ಸರ್ವಿಸ್ ರೆಕಾರ್ಡ್. ಹುಟ್ಟಿದ್ದು 1857ರಲ್ಲಿ, ಇಂದಿನ ಉಕ್ರೇನಿಗೆ ಸೇರಿದ ಬೆರ್ದಿಚೀವ್‌ನ ಪೋಲಿಷ್ ಕುಟುಂಬದಲ್ಲಿ. 1874ರಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ಫ್ರಾನ್ಸಿನ ಮಾರ್ಸೇಲ್‌ಗೆ ಹೋಗಿ ಹಡಗಿನವರ ಸಹವಾಸಕ್ಕೆ ಬಿದ್ದ. 1878ರಲ್ಲಿ ಇಂಗ್ಲಿಷ್ ಹಡಗು ಸೇರಿದಾಗ ಇಂಗ್ಲಿಷ್ ಅಷ್ಟಕ್ಕಷ್ಟೇ. ಎರಡೇ ವರ್ಷದಲ್ಲಿ ಸೆಕೆಂಡ್ ಮೇಟ್ ಪರೀಕ್ಷೆ ಪಾಸು ಮಾಡಿದ. ಫಸ್ಟ್ ಮೇಟ್ ಮತ್ತು ಮಾಸ್ಟರ್, ಎಂದರೆ ಕಪ್ತಾನನ, ಪರೀಕ್ಷೆಗಳಲ್ಲಿ ಮೊದಲ ಸಲ ನಪಾಸಾಗಿದ್ದ ಎಂದು ದಾಖಲೆಗಳು ಹೇಳುತ್ತವೆ. ತನ್ನ ನೆನಪುಗಳನ್ನು ಬರೆಯುವಾಗ ಈ ಸಂಗತಿಯನ್ನು ಆತ ಜಾಣತನದಿಂದ ಬಿಟ್ಟಿದ್ದಾನೆ. 1886ರಲ್ಲಿ ಕೊನೆಗೂ ಮಾಸ್ಟರ್ ಆದ. ನಪಾಸಾದವರಿಂದ ತುಂಬಿದ್ದ ನಮ್ಮ ಹಾಸ್ಟೆಲಿನಲ್ಲಿ ಈ ಸುದ್ದಿಯನ್ನು ನಾನು ಹಬ್ಬಿಸಿದಾಗ ಕಾನ್ರಾಡನಿಗೆ ಸಿಕ್ಕ ಜನಪ್ರಿಯತೆ ಆತನ ಕಾದಂಬರಿಗಳಿಗೆ ಅಲ್ಲಿ ಎಂದೂ ಸಿಗಲಿಲ್ಲ.

ಅವನಿಗೆ ಮುಂಬಯಿಯ ನಂಟೂ ಇತ್ತು. 1884ರ ಏಪ್ರಿಲ್‌ನಲ್ಲಿ ಅಲ್ಲಿಯೇ ‘ನಾರ್ಸಿಸಸ್’ ಎಂಬ ಹಾಯಿಹಡಗನ್ನು ಸೆಕೆಂಡ್ ಮೇಟ್ ಆಗಿ ಸೇರಿ, ಅಕ್ಟೋಬರಿನಲ್ಲಿ ಡನ್‌ಕರ್ಕ್ ತಲುಪಿದ. ದಾರಿಯಲ್ಲಿ ನಾವಿಕನೊಬ್ಬ ಸತ್ತ. ಆ ಪಯಣ ಕಾದಂಬರಿಯಾಗಿ ಹೊರಬಂದದ್ದು 1897ರಲ್ಲಿ. ಹದಿಮೂರು ವರ್ಷ ಆ ಸರಕು ಹೊಟ್ಟೆಯಲ್ಲೇ ಇತ್ತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು, ಆತ ಇರದಿದ್ದ ಹಡಗಿನ ಕಥೆ. 1880ರ ಆಗಸ್ಟ್‌ನಲ್ಲಿ ‘ಜೆಡ್ಡಾ’ ಎಂಬ ಉಗಿಹಡಗು ಸಿಂಗಪುರದ ಕಡೆಯಿಂದ 900ಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಹೇರಿಕೊಂಡು ಬರುತ್ತಿತ್ತು. ಬಿರುಸಿನ ಹವೆಯಲ್ಲಿ ಹಡಗಿನೊಳಗೆ ನೀರು ನುಗ್ಗಿತು. ಕಪ್ತಾನನೂ ಬಿಳಿಯ ಅಧಿಕಾರಿಗಳೂ ಯಾತ್ರಿಕರನ್ನು ಬಿಟ್ಟು ದೋಣಿಯಲ್ಲಿ ಪಾರಾದರು. ಇನ್ನೊಂದು ಹಡಗು ಅವರನ್ನು ಎತ್ತಿಕೊಂಡು ಏಡನ್‌ಗೆ ತಂದಿತು. ಹಡಗು ಮುಳುಗಿಹೋಯಿತು ಎಂದು ಅವರು ಅಲ್ಲಿ ಹೇಳಿಕೆ ಕೊಟ್ಟರು. ಮರುದಿನವೇ ‘ಜೆಡ್ಡಾ’ವನ್ನು ಇನ್ನೊಂದು ಹಡಗು ಎಳೆದುಕೊಂಡು, ಯಾತ್ರಿಕರ ಸಮೇತ, ಅದೇ ಬಂದರಿಗೆ ಬಂತು. ಕಾನ್ರಾಡ್ ಈ ಸುದ್ದಿಯನ್ನು ಪೂರ್ವದ ಬಂದರುಗಳಲ್ಲಿ ಕೇಳಿದವನು. 1900ರಲ್ಲಿ ಬಂದ ‘ಲಾರ್ಡ್ ಜಿಮ್’ ಕಾದಂಬರಿಯ ಬೇರು ಇಲ್ಲಿದೆ.

2009ರ ಸುಮಾರಿಗೆ ನಾನು ಮುಖ್ಯ ಅಧಿಕಾರಿಯಾಗಿ ಅದೇ ನೀರಿನಲ್ಲಿ ಹೋಗುತ್ತಿದ್ದೆ. ರೇಲಿಂಗ್ ಸುತ್ತ ಮುಳ್ಳುತಂತಿ ಸುತ್ತಿದ್ದೆವು. ಬೆಂಕಿ ಆರಿಸುವ ಪೈಪುಗಳನ್ನು ಹಡಗಿನ ಹೊರಕ್ಕೆ ತಿರುಗಿಸಿ ಕಟ್ಟಿದ್ದೆವು. ಯುದ್ಧನೌಕೆಗಳು ಕಾಯುತ್ತಿದ್ದ ಓಣಿಯಲ್ಲಿ ಸಾಲಾಗಿ ಸಾಗಬೇಕಿತ್ತು. ದೂರದಲ್ಲಿ ಚಿಕ್ಕ ದೋಣಿ ಕಂಡರೂ ದುರ್ಬೀನು ಹಿಡಿದ ಕೈ ಬಿಗಿಯಾಗುತ್ತಿತ್ತು, ಹತ್ತಿರ ಬಂದರೆ ಅದು ಯೆಮೆನಿನ ಮೀನುಗಾರರದ್ದು. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಕಳ್ಳರಿಗಿಂತ ಹೆಚ್ಚು ಓಡಾಡಿದವನು ‘ಜೆಡ್ಡಾ’ದ ಮುಖ್ಯ ಅಧಿಕಾರಿ. ಅವನದೂ ನನ್ನದೂ ಒಂದೇ ಹುದ್ದೆ. ದೋಣಿ ಇಳಿಸುವ ಹಗ್ಗದ ಪಕ್ಕ ನಿಂತ ಅವನಿಗೆ ಆ ಹತ್ತು ನಿಮಿಷ ಏನೆಲ್ಲ ಸರಿ ಎಂದು ಅನಿಸಿರಬಹುದು ಎಂದು ಯೋಚಿಸುತ್ತಿದ್ದೆ. ಹೇಡಿ ಎಂದು ಮುಗಿಸುವುದು ಸುಲಭ. ಹಡಗಿನಲ್ಲಿ ಕೆಲಸ ಮಾಡಿದವರು ಅಷ್ಟು ಬೇಗ ಮುಗಿಸುವುದಿಲ್ಲ.

ಬರವಣಿಗೆಯ ನಿಜವಾದ ಶಾಲೆ ಎಂದರೆ ನನಗೆ ಹನ್ನೆರಡರಿಂದ ನಾಲ್ಕರ ಪಾಳಿ. ಸೆಕೆಂಡ್ ಮೇಟ್‌ಗೆ ಮೀಸಲಾದ ಪಾಳಿ ಅದು, ಮಧ್ಯಾಹ್ನ ಒಮ್ಮೆ, ನಡುರಾತ್ರಿ ಒಮ್ಮೆ. ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಲ್ಲಿ ರಾತ್ರಿ ದೀಪ ಹಾಕುವಂತಿಲ್ಲ. ಹೊರಗಿನ ಕತ್ತಲಿಗೆ ಕಣ್ಣು ಪಳಗಿರಬೇಕು. ರಾಡಾರ್ ಪರದೆಯ ಬೆಳಕನ್ನೂ ತಗ್ಗಿಸಿರುತ್ತೇವೆ. ಅಲ್ಲಿ ಇಬ್ಬರೇ ಇರುತ್ತಾರೆ, ಪಾಳಿಯ ಅಧಿಕಾರಿ ಮತ್ತು ಕಣ್ಗಾವಲಿಗೆ ನಿಂತ ನಾವಿಕ. ಪಕ್ಕದವನ ಮುಖ ಕಾಣುವುದಿಲ್ಲ, ದನಿ ಮಾತ್ರ. ಹಗಲಿನಲ್ಲಿ ‘ಜೀ ಸಾಬ್’ ಬಿಟ್ಟು ಬೇರೆ ಮಾತಾಡದವನು ಎರಡು ಗಂಟೆಯ ಹೊತ್ತಿಗೆ ಹೆಂಡತಿಯೊಡನೆ ಆದ ಜಗಳ, ತಮ್ಮನಿಗೆ ಬರೆದುಕೊಟ್ಟ ಜಾಗ, ಮಗಳ ಕಾಲೇಜಿನ ಫೀಸು ಎಲ್ಲವನ್ನೂ ಹೇಳುತ್ತಾನೆ. ಕಣ್ಣು ಮಾತ್ರ ಕ್ಷಿತಿಜದ ಮೇಲೆಯೇ ಇರುತ್ತದೆ. ಮಾತಿನ ನಡುವೆ “ಬಲಗಡೆ ಒಂದು ದೀಪ, ಸಾಬ್” ಎಂದು ವರದಿ ಮಾಡಿ, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಾನೆ. ಸಂಭಾಷಣೆ ಬರೆಯುವಾಗ ನಾನು ಇಂದಿಗೂ ಮುಖಭಾವ ಬರೆಯುವುದಿಲ್ಲ. ಓದಿದ ಒಬ್ಬರು ಇದನ್ನು ಶೈಲಿ ಎಂದು ಹೊಗಳಿದರು. ಅದು ಆ ಕತ್ತಲಿನ ಅಭ್ಯಾಸ.

ಆ ಪಾಳಿಯಲ್ಲಿ ನನ್ನೊಡನೆ ಬಹಳ ಕಾಲ ನಿಂತವನು ಮಿನಿಕಾಯ್ ದ್ವೀಪದವನು. ಅಲ್ಲಿನ ಗಂಡಸರು ತಲೆಮಾರುಗಳಿಂದ ಹಡಗಿನ ಕೆಲಸಕ್ಕೆ ಹೋಗುವವರು. ಮನೆ, ಮಕ್ಕಳು, ಊರು ಎಲ್ಲವನ್ನೂ ಹೆಂಗಸರು ನಡೆಸುತ್ತಾರೆ. ಕೊಲ್ಲಿ ದೇಶಗಳಿಂದ, ಸೂಯೆಜ್‌ನಿಂದ ಸಿಂಗಪುರಕ್ಕೆ ಹೋಗುವ ಹಡಗುಗಳು ಮಿನಿಕಾಯಿಯ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕಡಲ ಹಾದಿಯಲ್ಲಿ ಸಾಗುತ್ತವೆ. ದ್ವೀಪದಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಹೀಗಾಗಿ ಅವನು ವರ್ಷದಲ್ಲಿ ಹಲವು ಸಲ ತನ್ನ ಊರಿನ ದೀಪವನ್ನು ನೋಡುತ್ತಿದ್ದ, ಇಳಿಯುತ್ತಿರಲಿಲ್ಲ. ಅಂಥ ಒಂದು ರಾತ್ರಿ ದೀಪ ಕಂಡಾಗ ನಿಯಮದಂತೆ ದಿಕ್ಕು ಹೇಳಿ ವರದಿ ಮಾಡಿದ. ನಾನು ನಕ್ಷೆಯಲ್ಲಿ ಗುರುತು ಹಾಕಿದೆ. ನಿನ್ನ ಮನೆ ಯಾವ ಕಡೆ ಎಂದು ಕೇಳಿದೆ. “ದೀಪದ ಎಡಕ್ಕೆ, ಸಾಬ್. ಈಗ ಎಲ್ಲರೂ ಮಲಗಿರುತ್ತಾರೆ” ಎಂದ. ಅಷ್ಟು ಹೇಳಿ ಸರಕಿನ ಬೆಲೆಯ ಬಗ್ಗೆ ಮಾತು ತೆಗೆದ. ನಾನು ಬರೆದ ಮೊದಲ ಕಥೆಗೆ ಈ ಮಾತೇ ಮೂಲ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಯಾರಿಗೂ ಕಳಿಸದೆ, ಬಹಳ ವರ್ಷ ಪೆಟ್ಟಿಗೆಯ ತಳದಲ್ಲಿಟ್ಟು ಹಡಗಿನಿಂದ ಹಡಗಿಗೆ ಒಯ್ದೆ.

ಅಧಿಕಾರಿಯಾದವನು ಬರೆಯಲು ಕಲಿಯುವುದು ಲಾಗ್‌ಬುಕ್ಕಿನಲ್ಲಿ. ಪಾಳಿ ಮುಗಿದಾಗ ಗಾಳಿಯ ದಿಕ್ಕು, ಬೋಫೋರ್ಟ್ ಮಾಪನದಲ್ಲಿ ಅದರ ಬಲ, ಸಮುದ್ರದ ಸ್ಥಿತಿ, ಹಡಗಿನ ಹೊರಳಾಟ ಎಲ್ಲವನ್ನೂ ಬರೆದು ಸಹಿ ಮಾಡಬೇಕು. ಬರೆದದ್ದನ್ನು ಅಳಿಸುವಂತಿಲ್ಲ. ತಿದ್ದಬೇಕಾದರೆ ಹಳೆಯದು ಓದಲು ಸಿಗುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಬೇಕು. ಇಂದಿಗೂ ನನ್ನ ಹಸ್ತಪ್ರತಿಗಳು ಹಾಗೆಯೇ ಇವೆ. ಹೊಡೆದುಹಾಕಿದ ವಾಕ್ಯವೂ ಓದಲು ಬರುತ್ತದೆ, ಕೆಲವು ಸಲ ಅದೇ ವಾಪಸು ಬರುತ್ತದೆ. ಅಡುಗೆಯವನೊಬ್ಬನಿಗೆ ಸ್ಯಾಟಲೈಟ್ ಫೋನಿನಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದ ದಿನದ ಲಾಗ್ ಅನ್ನು ನಾನು ಆಮೇಲೆ ತೆರೆದು ನೋಡಿದ್ದೆ. ವಾಯವ್ಯದ ಗಾಳಿ, ಬಲ 5. ಹ್ಯಾಚ್‌ಗಳ ಮುಚ್ಚಳ ಪರಿಶೀಲಿಸಲಾಗಿದೆ. ಬರೆದವನು ನಾನೇ, ಬರೆಯಬೇಕಾದದ್ದೂ ಅಷ್ಟೇ. ಅಂದು ಊಟ ಹೊತ್ತಿಗೆ ಸರಿಯಾಗಿ ಮೇಜಿಗೆ ಬಂದಿತ್ತು, ದಾಲ್‌ಗೆ ಉಪ್ಪು ಬಿದ್ದಿರಲಿಲ್ಲ, ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಉಪ್ಪು ಕೇಳಲಿಲ್ಲ.

ಲಾಗ್‌ಬುಕ್ಕಿನ ಜೊತೆಗೆ ನನಗೆ ಗುರುವಾದದ್ದು ಅಪಘಾತಗಳ ತನಿಖಾ ವರದಿಗಳು. ಕಂಪನಿಗಳು ಅವನ್ನು ಹಡಗಿಗೆ ಕಳಿಸುತ್ತವೆ, ಸುರಕ್ಷತಾ ಸಭೆಯಲ್ಲಿ ಓದಿ ಸಹಿ ಮಾಡಬೇಕು. ಹೆಚ್ಚಿನವರು ಸಹಿ ಮಾತ್ರ ಮಾಡುತ್ತಾರೆ. ನಾನು ಅವನ್ನು ಕಾದಂಬರಿಯ ಹಾಗೆ ಓದಿದೆ. ಬ್ರಿಟನ್ನಿನಲ್ಲಿ 1989ರಿಂದ ಇದಕ್ಕೆಂದೇ ಒಂದು ತನಿಖಾ ಸಂಸ್ಥೆ ಇದೆ. ಯಾರ ಮೇಲೂ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ ಎಂದು ಅದರ ವರದಿಗಳ ಆರಂಭದಲ್ಲೇ ಬರೆದಿರುತ್ತದೆ. ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಕಮ್ಮಟದಲ್ಲೂ ಸಿಕ್ಕೀತೆಂದು ನನಗೆ ಅನಿಸುವುದಿಲ್ಲ. ಆ ಸಂಸ್ಥೆಗಿಂತ ಹಿಂದಿನ ಒಂದು ಅಪಘಾತವನ್ನೇ ನೋಡಿ. 1987ರ ಮಾರ್ಚ್ 6ರ ಸಂಜೆ ಬೆಲ್ಜಿಯಮ್ಮಿನ ಝೀಬ್ರುಗೆಯಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಫೆರಿ ಬಂದರು ದಾಟುತ್ತಿದ್ದಂತೆಯೇ ಮಗುಚಿ, 193 ಜನ ಸತ್ತರು. ಗಾಳಿ ಮಂದವಾಗಿತ್ತು, ಅಲೆ ಇಲ್ಲವೆನ್ನುವಷ್ಟು ಕಡಿಮೆ. ವಾಹನಗಳು ಒಳಗೆ ಬರುವ ಮುಂಬಾಗಿಲು ತೆರೆದೇ ಇತ್ತು. ಡೆಕ್ಕಿನ ನಾವಿಕರ ಮೇಲ್ವಿಚಾರಕನಿಗೆ ಬೋಸನ್ ಎನ್ನುತ್ತೇವೆ. ಬಾಗಿಲು ಮುಚ್ಚಬೇಕಾದ ಸಹಾಯಕ ಬೋಸನ್ ತನ್ನ ಕೋಣೆಯಲ್ಲಿ ನಿದ್ದೆ ಹೋಗಿದ್ದ. ಬೋಸನ್‌ಗೆ ಬಾಗಿಲು ಮುಚ್ಚುವುದು ತನ್ನ ಕೆಲಸವೆಂದು ಅನಿಸಿರಲಿಲ್ಲ. ಬ್ರಿಜ್‌ನಿಂದ ಬಾಗಿಲು ಕಾಣುತ್ತಿರಲಿಲ್ಲ. ಅದು ಮುಚ್ಚಿದೆಯೇ ಎಂದು ತೋರಿಸುವ ದೀಪವೂ ಇರಲಿಲ್ಲ. ಏನಾದರೂ ತೊಂದರೆ ಇದೆ ಎಂದು ಯಾರೂ ಹೇಳದ ಕಾರಣ ಕಪ್ತಾನ ಹಡಗು ಹೊರಡಿಸಿದ. ಇಂಥ ಅಪಘಾತಗಳ ನಂತರವೇ ಇಂದು ದೇಶದಿಂದ ದೇಶಕ್ಕೆ ಸಾಗುವ ದೊಡ್ಡ ಹಡಗುಗಳಲ್ಲಿರುವ ಸುರಕ್ಷತಾ ನಿರ್ವಹಣೆಯ ಐ.ಎಸ್.ಎಂ. ಸಂಹಿತೆ ಬಂತು. ನಾನು ಓದಿದ ಯಾವ ಬಿರುಗಾಳಿಯ ವರ್ಣನೆಯೂ, ಒಬ್ಬ ಆಯಾಸಗೊಂಡ ಮನುಷ್ಯನ ನಿದ್ದೆಯಷ್ಟು ನನ್ನನ್ನು ಹೆದರಿಸಿಲ್ಲ.

ಅಚ್ಚಾದ ನನ್ನ ಮೊದಲ ಕಥೆ ಒಂದು ತಗಡಿನ ಡಬ್ಬಿಯದು. ಹಿನ್ನೆಲೆ ಹೇಳಬೇಕು. ಕಬ್ಬಿಣದ ಅದಿರಿನ ಪುಡಿಯಲ್ಲಿ ನೀರಿನಂಶ ಒಂದು ಮಿತಿ ಮೀರಿದರೆ ಅದು ದಡದಲ್ಲಿ ಗಟ್ಟಿ ಮಣ್ಣಿನಂತೆಯೇ ಕಾಣುತ್ತದೆ. ಆದರೆ ಹಡಗಿನ ಎಂಜಿನ್ನಿನ ನಡುಕ, ಅಲೆಯ ಹೊರಳಾಟ ಎರಡೂ ಸೇರಿದಾಗ ಒಳಗಿನ ನೀರಿಗೆ ಒತ್ತಡ ಬಂದು, ಅಷ್ಟೂ ಅದಿರು ದ್ರವದ ಹಾಗೆ ಹರಿಯತೊಡಗುತ್ತದೆ. ಹಡಗು ವಾಲಿದ ಕಡೆಗೆ ಹರಿದದ್ದು ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಇನ್ನೊಂದು ಹೊರಳಿಗೆ ಇನ್ನಷ್ಟು ವಾಲುತ್ತದೆ. 2009ರ ಮಳೆಗಾಲದಲ್ಲಿ ನಮ್ಮ ಮಂಗಳೂರಿನ ಹೊರಗೇ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಅದಿರಿನ ಪುಡಿ ಹೇರಿಕೊಂಡು ಹೊರಟು ಮುಳುಗಿತು. ಅದೃಷ್ಟಕ್ಕೆ ಅದರ ಸಿಬ್ಬಂದಿಯನ್ನು ಉಳಿಸಲಾಯಿತು.

ನೀರಿನಂಶದ ಪ್ರಮಾಣಪತ್ರವನ್ನು ಸರಕು ಕಳಿಸುವವರು ಕೊಡುತ್ತಾರೆ. ಹಡಗಿನ ಮುಖ್ಯ ಅಧಿಕಾರಿಯ ಕೈಯಲ್ಲಿರುವ ಉಪಾಯ ಒಂದೇ, ಡಬ್ಬಿ ಪರೀಕ್ಷೆ. ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಹಿಡಿಯುವ ಡಬ್ಬಿಗೆ ಅರ್ಧದಷ್ಟು ಅದಿರು ತುಂಬಿ, ಒಂದು ಗೇಣಿನಷ್ಟು ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಬೇಕು. ಮೇಲೆ ನೀರು ಹೊಳೆದರೆ, ಸರಕು ಸರಿಯಿಲ್ಲ ಎಂದು ಸಂಶಯಪಟ್ಟು ಮತ್ತೆ ಪ್ರಯೋಗಾಲಯಕ್ಕೆ ಕಳಿಸಬೇಕು. ನೀರು ಹೊಳೆಯದಿದ್ದರೆ ಸರಕು ಸರಿಯಿದೆ ಎಂದೇನೂ ಅಲ್ಲ. ವಿಜ್ಞಾನ ಅಷ್ಟಕ್ಕೇ ನಿಲ್ಲುತ್ತದೆ. ಉಳಿದದ್ದೆಲ್ಲ ಮನುಷ್ಯರ ವ್ಯವಹಾರ.

ಒಂದು ಬಂದರು, ಹೆಸರು ಬೇಡ. ಬಿಟ್ಟು ಬಿಟ್ಟು ಮಳೆ. ಅದಿರಿನ ರಾಶಿ ಬಯಲಿನಲ್ಲಿ ಬಿದ್ದಿತ್ತು. ಪ್ರಮಾಣಪತ್ರದಲ್ಲಿ ಎಲ್ಲ ಅಂಕಿಗಳೂ ಮಿತಿಯೊಳಗೆ ಇದ್ದವು. ನಾನು ಹಾಲಿನಪುಡಿಯ ಖಾಲಿ ಡಬ್ಬಿ ಹಿಡಿದು ಧಕ್ಕೆಗೆ ಇಳಿದು, ಮೊಣಕಾಲೂರಿ ಕುಟ್ಟತೊಡಗಿದೆ. ಲಾರಿ ಚಾಲಕರು, ಕ್ರೇನಿನವರು ಸುತ್ತ ನಿಂತು ನೋಡಿದರು. ಹದಿನೈದು ದಾಟುವಷ್ಟರಲ್ಲೇ ಮೇಲ್ಮೈ ಮಿರುಗಿತು. ನಾನು ಹೇರುವುದನ್ನು ನಿಲ್ಲಿಸಿದೆ. ಏಜೆಂಟರ ಕಡೆಯವರು ಕೊಡೆ ಹಿಡಿದುಕೊಂಡು ಬಂದು ಮೊದಲು ಟೀ ಕುಡಿಸಿದರು, ಆಮೇಲೆ ಒಂದು ದಿನದ ತಡಕ್ಕೆ ತಗಲುವ ದಂಡದ ಲೆಕ್ಕ ಒಪ್ಪಿಸಿದರು, ಕೊನೆಗೆ, ಬೇರೆ ಹಡಗಿನವರು ಇದೇ ರಾಶಿಯನ್ನು ಹೇರಿಕೊಂಡು ಹೋದರಲ್ಲ ಎಂದರು. ಕಪ್ತಾನರು ನಿವೃತ್ತಿಗೆ ಹತ್ತಿರವಿದ್ದವರು, ಮಗಳ ಮದುವೆ ಗೊತ್ತಾಗಿತ್ತು, ಆ ಪಯಣದ ಕೊನೆಗೆ ಊರಿಗೆ ಹೋಗಬೇಕಿತ್ತು. ಅವರು ಡಬ್ಬಿಯನ್ನು ಕೈಗೆ ತೆಗೆದುಕೊಂಡು, ನನ್ನನ್ನು ನಂಬದೆ ತಾವೇ ಒಮ್ಮೆ ಕುಟ್ಟಿದರು. ಅವರು ಎಣಿಸುವುದು ನನಗೆ ಕೇಳಿಸುತ್ತಿತ್ತು. ಇಪ್ಪತ್ತೈದಕ್ಕೆ ನಿಲ್ಲಿಸಿ ಡಬ್ಬಿಯೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಏಜೆಂಟರ ಕಡೆಯವರಿಗೆ, ಮಳೆ ನಿಂತ ಮೇಲೆ ಮಾತಾಡೋಣ ಎಂದರು.

ಮಳೆ ನಿಂತಿತು, ರಾಶಿಯನ್ನು ಮಗುಚಿ ಒಣಗಿಸಿದರು, ಹೊಸ ಪರೀಕ್ಷೆಯಾಯಿತು, ತಡವಾಗಿ ಹೊರಟೆವು, ತಲುಪಿದೆವು. ಏನೂ ಆಗಲಿಲ್ಲ. ಮದುವೆಗೆ ಕಪ್ತಾನರಿಗೆ ಹೋಗಲಾಗಲಿಲ್ಲ ಎನ್ನುವುದನ್ನು ಬಿಟ್ಟರೆ.

ಇದನ್ನು ಕಥೆಯಾಗಿಸಿ ಒಂದು ಪತ್ರಿಕೆಗೆ ಕಳಿಸಿದೆ. ಸಂಪಾದಕರ ಕಡೆಯಿಂದ ಸೌಜನ್ಯದ ಉತ್ತರ ಬಂತು. ವಿವರಗಳು ಚೆನ್ನಾಗಿವೆ, ಆದರೆ ಕೊನೆಯಲ್ಲಿ ಹಡಗು ಮುಳುಗಿದರೆ ಪರಿಣಾಮ ಹೆಚ್ಚುತ್ತದೆ ಎಂದಿದ್ದರು. ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಹಡಗು ಮುಳುಗದ ಹಾಗೆ ನೋಡಿಕೊಳ್ಳುವುದಕ್ಕೇ ನಮಗೆ ಸಂಬಳ. ಮುಳುಗಿಸಿದರೆ ಮಾತ್ರ ಕಥೆಯಾಗುತ್ತದೆ ಎಂದರೆ, ಕೆಲಸ ಬಲ್ಲ ನಾವಿಕರು ಯಾರೂ ಕಥೆಯೊಳಗೆ ಬರುವ ಹಾಗೇ ಇಲ್ಲ. ಕೊನೆಯನ್ನು ಬದಲಿಸಲಿಲ್ಲ. ಇನ್ನೊಂದು ಪತ್ರಿಕೆ ದೀಪಾವಳಿ ವಿಶೇಷಾಂಕಕ್ಕೆ ಅದನ್ನು ತೆಗೆದುಕೊಂಡಿತು. ಅಂಚೆಯಲ್ಲಿ ಬಂದ ಸಂಚಿಕೆ ಬಿಡಿಸಿ ನೋಡಿದರೆ, ಎಪ್ಪತ್ತು ಸಾವಿರ ಟನ್ ಹೊರುವ ನನ್ನ ಉಕ್ಕಿನ ಹಡಗಿಗೆ ಕಲಾವಿದರು ಮೂರು ಕಂಬ, ಹನ್ನೆರಡು ಹಾಯಿ ಕಟ್ಟಿದ್ದರು. ಹಿಂದೆ ಮಿಂಚು. ಚಿತ್ರ ಚೆಂದವಿತ್ತು, ಅಮ್ಮ ಅದನ್ನೇ ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಪುಸ್ತಕವಾಗುವಷ್ಟು ಬರೆಯಲು ಬಿಡುವು ಸಿಕ್ಕಿದ್ದು 2020ರಲ್ಲಿ, ಅದೂ ನನ್ನ ಇಚ್ಛೆಯಿಂದಲ್ಲ. ಕೋವಿಡ್ ಕಾರಣಕ್ಕೆ ಬಂದರುಗಳು ಸಿಬ್ಬಂದಿ ಬದಲಾವಣೆಯನ್ನು ನಿಲ್ಲಿಸಿದವು. ನಾವಿಕನನ್ನು ಹನ್ನೊಂದು ತಿಂಗಳಿಗಿಂತ ಹೆಚ್ಚು ಕಾಲ ಸತತವಾಗಿ ಹಡಗಿನಲ್ಲಿ ಇರಿಸಬಾರದು ಎಂಬ ನಿಯಮ ಕಾಗದದಲ್ಲೇ ಉಳಿಯಿತು. ಆ ವರ್ಷದ ಕೊನೆಯ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಇದ್ದರು. ಅವರಲ್ಲಿ ನಾವೂ ಸೇರಿದ್ದೆವು. ಸಿಂಗಪುರದ ಹೊರಗೆ ಲಂಗರು ಹಾಕಿ ನಿಂತಿದ್ದೆವು, ದಡದ ಕಟ್ಟಡಗಳ ದೀಪ ಎಣಿಸಬಹುದಾದಷ್ಟು ಹತ್ತಿರ. ಕಪ್ತಾನನಾಗಿದ್ದ ನನ್ನ ಕೆಲಸ ಆಗ ಹಡಗು ನಡೆಸುವುದಾಗಿರಲಿಲ್ಲ. ಊಟದ ಮೇಜಿನಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂದು ಗಮನಿಸುವುದು, ಕೋಣೆಯಿಂದ ಹೊರಗೆ ಬಾರದ ಎಳೆಯ ಎಂಜಿನಿಯರನ ಬಾಗಿಲು ತಟ್ಟುವುದು, ಕಚೇರಿಗೆ ದಿನಾ ಅದೇ ಇ-ಮೇಲ್ ಬರೆಯುವುದು. ರಾತ್ರಿ ಕುಳಿತು ಕಥೆ ಬರೆಯುತ್ತಿದ್ದೆ.

ಕಾನ್ರಾಡನ ಸಮುದ್ರ ಜೀವನ ಮುಗಿದದ್ದೂ ನಿಂತ ಹಡಗಿನಲ್ಲಿ. ಮೊದಲ ಕಾದಂಬರಿಯನ್ನು ಆತ 1889ರಲ್ಲಿ ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಆರಂಭಿಸಿದ್ದ. ಅದರ ಹಸ್ತಪ್ರತಿ ಕಾಂಗೋ ನದಿಗೂ ಹೋಯಿತು, ಆಸ್ಟ್ರೇಲಿಯಾಕ್ಕೂ ಹೋಯಿತು. ‘ಟಾರೆನ್ಸ್’ ಹಡಗಿನಲ್ಲಿ ಮುಖ್ಯ ಅಧಿಕಾರಿಯಾಗಿದ್ದಾಗ ಕಾಯಿಲೆಯ ಒಬ್ಬ ಎಳೆಯ ಪ್ರಯಾಣಿಕನಿಗೆ ಅದನ್ನು ಓದಲು ಕೊಟ್ಟು, ಬರೆದು ಮುಗಿಸಲು ಯೋಗ್ಯವೇ ಎಂದು ಕೇಳಿದ. ಖಂಡಿತ ಎಂದು ಚುಟುಕಾದ ಉತ್ತರ ಸಿಕ್ಕಿತು. 1893ರ ಚಳಿಗಾಲದಲ್ಲಿ ಆತನಿದ್ದ ‘ಅಡೋವಾ’ ಎಂಬ ಹಡಗು ಕೆನಡಾಕ್ಕೆ ವಲಸಿಗರನ್ನು ಒಯ್ಯಲು ಫ್ರಾನ್ಸಿನ ರೂಆನ್‌ನಲ್ಲಿ ಕಾದು ನಿಂತಿತು. ವಲಸಿಗರು ಬರಲೇ ಇಲ್ಲ. ಅಲ್ಲಿ ಕುಳಿತು ಹತ್ತನೆಯ ಅಧ್ಯಾಯಕ್ಕೆ ಕೈ ಹಾಕಿದ. 1894ರ ಜನವರಿಯಲ್ಲಿ ಇಳಿದವನು ಮತ್ತೆ ಕೆಲಸಕ್ಕೆಂದು ಹಡಗು ಹತ್ತಲಿಲ್ಲ, ಹತ್ತಬಾರದೆಂದು ಇಳಿದದ್ದೂ ಅಲ್ಲ. ಮುಂದೆ ಕೆಲವು ವರ್ಷ ಹಡಗು ಹುಡುಕುತ್ತಲೇ ಇದ್ದ. ನಾನೂ 2021ರಲ್ಲಿ ಇಳಿದಾಗ ರಜೆಯ ಅರ್ಜಿಗೆ ಸಹಿ ಮಾಡಿದ್ದೆನೇ ಹೊರತು ರಾಜೀನಾಮೆಗಲ್ಲ.

ಈಗ ಊರಿನಲ್ಲಿದ್ದೇನೆ. ಕಥೆ ಬರೆಯುವ ಮೊದಲು ಹಡಗಿನ ಹೆಸರು, ಬಂದರು, ಸರಕು, ಇಸವಿ ಇವುಗಳಲ್ಲಿ ಮೂರನ್ನಾದರೂ ಬದಲಿಸುತ್ತೇನೆ. ಜೊತೆಗೆ ಕೆಲಸ ಮಾಡಿದವರು ಇನ್ನೂ ಹಡಗಿನಲ್ಲಿದ್ದಾರೆ, ಅವರ ಅನ್ನಕ್ಕೆ ಕಲ್ಲು ಹಾಕುವ ಹಾಗಿಲ್ಲ. ಆದರೂ ಗುರುತು ಹಿಡಿಯುತ್ತಾರೆ. ಡಬ್ಬಿಯ ಕಥೆಯಲ್ಲಿ ಬರುವ ಬೋಸನ್‌ಗೆ ಮೂಲವಾದವನು ರತ್ನಾಗಿರಿಯ ಕಡೆಯವನು, ಈಗ ನಿವೃತ್ತ. ಅವನಿಗೆ ಫೋನಿನಲ್ಲಿ ಇಡೀ ಕಥೆಯನ್ನು ಹಿಂದಿಯಲ್ಲಿ ಹೇಳಿದೆ. ಕೊನೆಯವರೆಗೂ ಹೂಂಗುಟ್ಟುತ್ತಾ ಕೇಳಿ, “ಎಲ್ಲ ಸರಿಯಾಗಿದೆ ಸಾಬ್, ಆದರೆ ಆ ಬೋಸನ್ ನಾನಲ್ಲ. ನಾನು ಅಷ್ಟೊಂದು ಮಾತಾಡುವವನೇ ಅಲ್ಲ” ಎಂದ. ಆಮೇಲೆ, ಅಂದು ಏಜೆಂಟರ ಕಡೆಯವರು ನನಗೆ ಗೊತ್ತಾಗದ ಹಾಗೆ ಅವನಿಗೆ ಏನು ಹೇಳಿದ್ದರು, ಕ್ರೇನಿನವನು ಅವನಿಗೆ ಹೇಗೆ ನೆಂಟನಾಗಬೇಕು, ನನ್ನ ಡಬ್ಬಿ ಅಸಲಿಗೆ ಹಾಲಿನಪುಡಿಯದಲ್ಲ, ಅವನ ಬಿಸ್ಕತ್ತಿನದು ಎಂಬುದನ್ನೆಲ್ಲ ಹೇಳತೊಡಗಿದ. ನನ್ನ ಫೋನಿನ ಚಾರ್ಜ್ ಮುಗಿಯಿತು. ಬಿಸ್ಕತ್ತಿನ ಡಬ್ಬಿ ಚೌಕನೆಯದಾಗಿದ್ದರೆ ಪರೀಕ್ಷೆಗೇ ನಡೆಯುವುದಿಲ್ಲ, ಅದಕ್ಕೆ ಉರುಟು ಡಬ್ಬಿಯೇ ಬೇಕು. ನಾಳೆ ಮತ್ತೆ ಫೋನ್ ಮಾಡಿ ಅದನ್ನೊಂದು ಕೇಳಬೇಕು.